ಮೆಲ್ಲಿಫೆರಾ ಜೇನಿನ ನುಸಿಗೆ ಆಕ್ಸಾಲಿಕ್ ಆಮ್ಲ

ವರ್ರೋವಾ ಎಂಬುದು ಜೇನುನೊಣದ ಮೈಗೆ ಅಂಟಿಕೊಂಡು ಬದುಕುವ ನುಸಿ. ಬಣ್ಣ ಕೆಂಗಂದು, ಆಕಾರ ಏಡಿಯ ಚಿಪ್ಪಿನದು, ಉದ್ದಕ್ಕಿಂತ ಅಗಲವೇ ಹೆಚ್ಚು. ಬೆಳೆದ ಹೆಣ್ಣು ನುಸಿ ಸುಮಾರು 1.1 ಮಿಲಿಮೀಟರ್ ಉದ್ದ, 1.6 ಮಿಲಿಮೀಟರ್ ಅಗಲ ಇರುತ್ತದೆ. ಒಂದು ರಾಗಿ ಕಾಳನ್ನು ಒತ್ತಿ ಚಪ್ಪಟೆ ಮಾಡಿದರೆ ಗಾತ್ರದಲ್ಲೂ ಬಣ್ಣದಲ್ಲೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ನೊಣದ ಹೊಟ್ಟೆಯ ಅಡಿಯಲ್ಲಿ, ಪದರಗಳ ಸಂದಿಗೆ ತೂರಿಕೊಂಡು ಕೂರುವುದರಿಂದ ಎರಿಯನ್ನು ಎತ್ತಿ ನೋಡಿದವರ ಕಣ್ಣಿಗೆ ಇದು ಬೀಳುವುದು ಅಪರೂಪ. ನೊಣದ ಬೆನ್ನಿನ ಮೇಲೆ ನುಸಿ ಸಲೀಸಾಗಿ ಕಾಣತೊಡಗಿತು ಎಂದರೆ ಆ ಕುಟುಂಬದ ಸ್ಥಿತಿ ಆಗಲೇ ಕೈಮೀರುತ್ತಿದೆ ಎಂದೇ ತಿಳಿಯಬೇಕು.

ಜೇನು ಸಾಕಣೆಯ ಬಗ್ಗೆಯೂ ಬರೆದಿದ್ದ ಪ್ರಾಚೀನ ರೋಮಿನ ವಿದ್ವಾಂಸ ವರ್ರೋನ ಹೆಸರನ್ನು ಈ ನುಸಿಯ ಕುಲಕ್ಕೆ ಇಡಲಾಗಿದೆ. ಡಚ್ ವಿಜ್ಞಾನಿ ಔಡೆಮಾನ್ಸ್ 1904ರಲ್ಲಿ ಜಾವಾ ದ್ವೀಪದಿಂದ ಬಂದ ನುಸಿಯನ್ನು ವರ್ಣಿಸಿ ವರ್ರೋವಾ ಜೇಕಬ್ಸೋನಿ ಎಂದು ಕರೆದ. ಮುಂದೆ ಜಗತ್ತಿನ ಜೇನುಪೆಟ್ಟಿಗೆಗಳನ್ನು ಹಾಳುಮಾಡುತ್ತಿರುವುದೂ ಇದೇ ನುಸಿ ಎಂದು ಬಹುಕಾಲ ನಂಬಲಾಗಿತ್ತು. ಅದು ಬೇರೆಯೇ ಜಾತಿ ಎಂದು ಆಂಡರ್ಸನ್ ಮತ್ತು ಟ್ರೂಮನ್ 2000ದಲ್ಲಿ ತೋರಿಸಿಕೊಟ್ಟು ಅದಕ್ಕೆ ವರ್ರೋವಾ ಡಿಸ್ಟ್ರಕ್ಟರ್ ಎಂಬ ಹೆಸರಿಟ್ಟರು. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಯುರೋಪಿನ ಮೆಲ್ಲಿಫೆರಾ ಜೇನಿನ ರೋಗವೆಂದು ಜೇಕಬ್ಸೋನಿಯ ಹೆಸರು ಕಂಡರೆ ಅಲ್ಲಿ ಹೇಳಿರುವುದು ಈ ಡಿಸ್ಟ್ರಕ್ಟರ್ ನುಸಿಯ ವಿಷಯವನ್ನೇ.

ವರ್ರೋವಾದ ತವರು ನಮ್ಮ ತುಡುವೆ ಜೇನು. ತುಡುವೆಯೂ ನುಸಿಯೂ ಬಹುಕಾಲದಿಂದ ಒಟ್ಟಿಗೆ ಬಾಳಿ ಒಂದು ಹೊಂದಾಣಿಕೆಗೆ ಬಂದಿವೆ. ತುಡುವೆ ಗೂಡಿನಲ್ಲಿ ನುಸಿ ಮರಿಹಾಕುವುದು ಬಹುಪಾಲು ಗಂಡುನೊಣದ ಕಣಗಳಲ್ಲಿ ಮಾತ್ರ, ಅವು ಇರುವುದೋ ವರ್ಷದ ಕೆಲವು ಕಾಲ. ಕೆಲಸಗಾರ ನೊಣಗಳು ತಮ್ಮ ಮೈಯನ್ನೂ ಒಂದು ಇನ್ನೊಂದರ ಮೈಯನ್ನೂ ಉಜ್ಜಿ ನುಸಿಯನ್ನು ಕಿತ್ತು ಹಾಕುತ್ತವೆ, ಸೋಂಕಿದ ಮರಿಯನ್ನು ಗುರುತಿಸಿ ಹೊರಗೆಳೆಯುತ್ತವೆ. ಇದಕ್ಕಿಂತ ಬೆರಗಿನ ಸಂಗತಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ತಿಳಿದುಬಂತು. ನುಸಿ ಕಚ್ಚಿದ ತುಡುವೆಯ ಕೆಲಸಗಾರ ಮರಿ ಬೇಗನೆ ಸಾಯುತ್ತದೆ, ಆ ಸಾವಿನಿಂದಲೇ ನುಸಿಯ ಸಂತಾನ ಬೆಳೆಯುವುದು ನಿಂತು ಗೂಡು ಉಳಿಯುತ್ತದೆ. ಒಂದೊಂದು ಮರಿಯ ದೌರ್ಬಲ್ಯವೇ ಇಡೀ ಕುಟುಂಬದ ಬಲವಾಗಿದೆ. ಆದ್ದರಿಂದ ತುಡುವೆ ಪೆಟ್ಟಿಗೆಯ ಗಂಡುಮರಿಗಳಲ್ಲಿ ನಾಲ್ಕಾರು ನುಸಿ ಕಂಡವರು ಮದ್ದಿಗೆ ಓಡಬೇಕಾಗಿಲ್ಲ. ಇಲ್ಲಿ ಹೇಳುವ ಚಿಕಿತ್ಸೆ ತುಡುವೆಗೆ ಸಂಬಂಧಿಸಿದ್ದಲ್ಲ.

ಯುರೋಪಿನ ಜೇನಾದ ಏಪಿಸ್ ಮೆಲ್ಲಿಫೆರಾಕ್ಕೆ ಈ ಯಾವ ರಕ್ಷಣೆಯೂ ಇರಲಿಲ್ಲ. ಜನರು ಮೆಲ್ಲಿಫೆರಾ ಪೆಟ್ಟಿಗೆಗಳನ್ನು ಏಷ್ಯಾದ ತುಡುವೆ ಜೇನಿನ ನೆರೆಗೆ ತಂದಿಟ್ಟಾಗ ನುಸಿ ಆಚೆಗೆ ದಾಟಿತು. ಅಲ್ಲಿ ಅದಕ್ಕೆ ಕೆಲಸಗಾರ ಮರಿಗಳೂ ಒದಗಿದವು, ಮರಿ ಇರುವಷ್ಟು ಕಾಲವೂ ಸಂತಾನ ಬೆಳೆಯಿತು. ಅಮೆರಿಕದಲ್ಲಿ 1987ರಲ್ಲಿ, ಬ್ರಿಟನ್ನಿನಲ್ಲಿ 1992ರಲ್ಲಿ, ನ್ಯೂಜಿಲೆಂಡಿನಲ್ಲಿ 2000ದಲ್ಲಿ ಇದು ಪತ್ತೆಯಾಯಿತು. ಕೊನೆಯವರೆಗೂ ಬಾಗಿಲು ಹಾಕಿಕೊಂಡಿದ್ದ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರಿನಲ್ಲಿ 2022ರ ಜೂನ್‌ನಲ್ಲಿ ಕಾಣಿಸಿಕೊಂಡಿತು. ಸಾವಿರಾರು ಪೆಟ್ಟಿಗೆಗಳನ್ನು ನಾಶಮಾಡಿದರೂ ನಿಲ್ಲದೆ, 2023ರಲ್ಲಿ ಆ ದೇಶ ನಿರ್ಮೂಲನೆಯ ಪ್ರಯತ್ನವನ್ನೇ ಕೈಬಿಟ್ಟಿತು.

ಕರ್ನಾಟಕಕ್ಕೆ ಮೆಲ್ಲಿಫೆರಾ ಬಂದದ್ದು ಒಂದು ದುಃಖದ ಬೆನ್ನಿಗೆ. ಉತ್ತರ ಭಾರತದಲ್ಲಿ ಇದನ್ನು ನೆಲೆಗೊಳಿಸಿದ್ದು 1960ರ ದಶಕದಲ್ಲಿ, ಕಾಂಗ್ರಾ ಕಣಿವೆಯ ನಗ್ರೋಟಾದಲ್ಲಿ, ಪ್ರೊಫೆಸರ್ ಅಟ್ವಾಲ್ ಅವರ ಶ್ರಮದಿಂದ. ದಕ್ಷಿಣದಲ್ಲಿ ತುಡುವೆಯೇ ಸಾಕಾಗಿತ್ತು. ಕೊಡಗು, ಮಲೆನಾಡು, ಕರಾವಳಿಯ ಮನೆಮನೆಯಲ್ಲಿ ನ್ಯೂಟನ್ ಪೆಟ್ಟಿಗೆಗಳಿದ್ದವು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಬರಿದು ಮಾಡಿತು. ಆ ರೋಗ ಮೆಲ್ಲಿಫೆರಾವನ್ನು ಬಾಧಿಸಲಿಲ್ಲ. ಹೀಗಾಗಿ ಬಯಲುಸೀಮೆಯ ಸೂರ್ಯಕಾಂತಿ, ಹುಚ್ಚೆಳ್ಳು, ಹೊಂಗೆ, ನೀಲಗಿರಿಗಳ ನಡುವೆ ಹತ್ತು ಚೌಕಟ್ಟಿನ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಗಳು ಬಂದು ಕೂತವು. ಒಂದು ರೋಗ ತಪ್ಪಿಸಿಕೊಳ್ಳಲು ಆರಿಸಿಕೊಂಡ ಜೇನಿಗೆ ಇನ್ನೊಂದು ಪಿಡುಗು ಕಾದಿತ್ತು.

ಬೆಂಗಳೂರಿನ ಉತ್ತರಕ್ಕಿರುವ ಕೊಡಿಗೇಹಳ್ಳಿಯ ಸುತ್ತಮುತ್ತ ಈ ಎರಡೂ ಜೇನು ಇಂದು ಒಟ್ಟಿಗಿವೆ. ಊರಿನ ಪಕ್ಕದಲ್ಲೇ ಬಳ್ಳಾರಿ ರಸ್ತೆಗೆ ಹೊಂದಿಕೊಂಡು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವಿದೆ. ಅಲ್ಲಿ ಜೇನು ಕೃಷಿಗೆಂದೇ ಒಂದು ವಿಭಾಗವಿದ್ದು, ಜೇನುನೊಣ ಮತ್ತು ಪರಾಗಸ್ಪರ್ಶಿಗಳ ಅಖಿಲ ಭಾರತ ಸಮನ್ವಿತ ಸಂಶೋಧನಾ ಯೋಜನೆಯ ಕೇಂದ್ರವೂ ಕೆಲಸ ಮಾಡುತ್ತಿದೆ. ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ತಾರಸಿಯ ಮೇಲೆ ಒಂದೆರಡು ಪೆಟ್ಟಿಗೆ ಇಟ್ಟವರಿಗೆ ಪೆಟ್ಟಿಗೆಯ ನೊಣವನ್ನು ತೋರಿಸಿ ಕೇಳಲು ಇಷ್ಟು ಹತ್ತಿರದ ಅನುಕೂಲ ರಾಜ್ಯದ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ.

ಮದ್ದಿನ ಮಾತಿಗೆ ಮೊದಲು ನುಸಿಯ ದಿನಚರಿ ತಿಳಿದಿರಬೇಕು. ಮೆಲ್ಲಿಫೆರಾದ ಕೆಲಸಗಾರ ನೊಣ ಮೊಟ್ಟೆಯಿಟ್ಟಂದಿನಿಂದ ಬೆಳೆದು ಕಣದ ಹೊರಗೆ ಬರಲು 21 ದಿನ, ಗಂಡುನೊಣಕ್ಕೆ 24 ದಿನ. ಮೊಟ್ಟೆಗೆ ಮೂರು ದಿನ, ತೆರೆದ ಕಣದಲ್ಲಿ ಉಂಡು ಬೆಳೆಯಲು ಐದಾರು ದಿನ. ಆಮೇಲೆ ನೊಣಗಳು ಕಣದ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚುವುದಕ್ಕೆ ತುಸು ಮುಂಚೆ ಹೆಣ್ಣು ನುಸಿ ಒಳಗೆ ಜಾರಿಕೊಂಡು ಮರಿಹುಳುವಿನ ಅಡಿಯ ಆಹಾರದಲ್ಲಿ ಅಡಗುತ್ತದೆ. ಬಾಯಿ ಮುಚ್ಚಿ ಎರಡೂವರೆ ಮೂರು ದಿನಕ್ಕೆ ಮೊದಲ ಮೊಟ್ಟೆಯಿಡುತ್ತದೆ, ಅದು ಗಂಡು. ಆಮೇಲೆ ಸುಮಾರು 30 ಗಂಟೆಗೊಂದರಂತೆ ಹೆಣ್ಣು ಮೊಟ್ಟೆಗಳು. ಅಣ್ಣ ತಂಗಿಯರು ಆ ಕತ್ತಲಲ್ಲೇ ಕೂಡುತ್ತವೆ. ನೊಣ ಮುಚ್ಚಳ ಕಡಿದು ಹೊರಬರುವಾಗ ತಾಯಿಯೂ ಬಲಿತ ಹೆಣ್ಣುಮಕ್ಕಳೂ ಅದರ ಮೈಮೇಲೇರಿ ಬರುತ್ತವೆ. ಗಂಡು ನುಸಿ ಕಣದಲ್ಲೇ ಸಾಯುತ್ತದೆ. ಗಂಡುನೊಣದ ಕಣ ಹೆಚ್ಚು ದಿನ ಮುಚ್ಚಿರುವುದರಿಂದ ಅಲ್ಲಿ ಹೆಚ್ಚು ಮಕ್ಕಳು ಬಲಿಯುತ್ತವೆ. ನುಸಿಗೆ ಗಂಡುಮರಿಯ ಮೇಲೆ ಹಲವು ಪಟ್ಟು ಒಲವು ಇರುವುದು ಈ ಕಾರಣಕ್ಕೇ.

ನುಸಿ ನೊಣದ ರಕ್ತ ಹೀರುತ್ತದೆ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಅದು ಮುಖ್ಯವಾಗಿ ತಿನ್ನುವುದು ಬೆಳೆದ ನೊಣದ ಕೊಬ್ಬಿನ ಅಂಗಾಂಶವನ್ನು ಎಂದು 2019ರಲ್ಲಿ ತೋರಿಸಲಾಯಿತು. ಈ ಅಂಗಾಂಶ ನೊಣಕ್ಕೆ ಉಗ್ರಾಣವಿದ್ದಂತೆ, ರೋಗ ತಡೆಯುವ ಶಕ್ತಿಯೂ ಆಯುಷ್ಯವೂ ಅದನ್ನೇ ನೆಚ್ಚಿಕೊಂಡಿವೆ. ಅದರ ಜೊತೆಗೆ ನುಸಿ ವೈರಸ್‌ಗಳನ್ನೂ ಒಂದರಿಂದ ಒಂದಕ್ಕೆ ದಾಟಿಸುತ್ತದೆ. ರೆಕ್ಕೆ ಮುರುಟಿಸುವ ವೈರಸ್ ಅವುಗಳಲ್ಲಿ ಮುಖ್ಯವಾದದ್ದು. ಪೆಟ್ಟಿಗೆಯ ಬಾಗಿಲ ಮುಂದೆ, ಒದ್ದೆ ಕಾಗದದಂತೆ ಸುರುಟಿದ ರೆಕ್ಕೆಯ ಎಳೆ ನೊಣಗಳು ನೆಲದಲ್ಲಿ ತೆವಳುವುದು, ಮರಿಗಳು ಅಲ್ಲಲ್ಲಿ ಸತ್ತು ಎರಿ ತೂತುತೂತಾಗಿ ಕಾಣುವುದು, ನೊಣ ದಿನೇ ದಿನೇ ಕಡಿಮೆಯಾಗುವುದು ಇದರ ಲಕ್ಷಣ. ಮುಂದೆ ಮೇಣದ ಪತಂಗ ಬಂದು ಉಳಿದ ಎರಿಯನ್ನು ತಿನ್ನುತ್ತದೆ. ಎಷ್ಟೋ ಸಲ ಕುಟುಂಬ ನಾಶವಾದದ್ದಕ್ಕೆ ಪತಂಗವನ್ನೇ ದೂರುವುದುಂಟು. ಪತಂಗ ಬಂದದ್ದು ಗೂಡಿನ ಬಲ ಕುಸಿದ ಮೇಲೆ.

ನುಸಿ ಎಷ್ಟಿದೆ ಎಂದು ಎಣಿಸದೆ ಮದ್ದು ಹಾಕುವುದು ಕುರುಡು ಕೆಲಸ. ಎಣಿಕೆಗೆ ಬೇಕಾದದ್ದು ಅಗಲ ಬಾಯಿಯ ಒಂದು ಬಾಟಲಿ, ಅದರ ಮುಚ್ಚಳದ ಜಾಗಕ್ಕೆ ನೊಣ ದಾಟದ, ನುಸಿ ದಾಟುವ ಜಾಲರಿ, ಎರಡು ಚಮಚ ನುಣ್ಣಗೆ ಪುಡಿಮಾಡಿದ ಸಕ್ಕರೆ. ಮರಿಯಿರುವ ಎರಿಯಿಂದ, ರಾಣಿ ಇಲ್ಲವೆಂದು ಖಚಿತಪಡಿಸಿಕೊಂಡು, ಅರ್ಧ ಲೋಟ ನೊಣಗಳನ್ನು ಬಾಟಲಿಗೆ ಉದುರಿಸಿದರೆ ಸುಮಾರು 300 ನೊಣ ಬಂದಂತೆ. ಸಕ್ಕರೆ ಪುಡಿ ಹಾಕಿ ನೊಣಗಳನ್ನು ಹೊರಳಿಸಿ, ಒಂದೆರಡು ನಿಮಿಷ ಬಿಟ್ಟು, ನೀರು ತುಂಬಿದ ಬಿಳಿ ತಟ್ಟೆಯ ಮೇಲೆ ಜೋರಾಗಿ ಜಾಡಿಸಿದರೆ ಸಕ್ಕರೆ ಕರಗಿ ನುಸಿಗಳು ತೇಲುತ್ತವೆ. ನೊಣಗಳನ್ನು ಮರಳಿ ಪೆಟ್ಟಿಗೆಗೆ ಬಿಡಬಹುದು. ನೂರು ನೊಣಕ್ಕೆ ಮೂರು, ಅಂದರೆ ಮುನ್ನೂರಕ್ಕೆ ಒಂಬತ್ತು ನುಸಿ ಸಿಕ್ಕರೆ ಚಿಕಿತ್ಸೆಯ ಕಾಲ ಬಂದಿದೆ ಎಂಬುದು ಹಲವು ದೇಶಗಳಲ್ಲಿ ರೂಢಿಯಲ್ಲಿರುವ ಅಳತೆ.

ಆಕ್ಸಾಲಿಕ್ ಆಮ್ಲ ಅಡುಗೆಮನೆಗೆ ಅಪರಿಚಿತವಲ್ಲ. ಪಾಲಕ್, ಕಮರಾಕ್ಷಿ ಹಣ್ಣು, ಕರಾವಳಿಯ ಬಿಂಬುಳಿ ಇವೆಲ್ಲದರಲ್ಲಿ ಅದಿದೆ. ಕೆಸುವಿನ ದಂಟು ನಾಲಗೆ ಕೆರೆಸುವುದು ಈ ಆಮ್ಲ ಸುಣ್ಣದಂಶದೊಡನೆ ಕೂಡಿ ಆದ ಸೂಜಿಯಂಥ ಹರಳುಗಳಿಂದ. ಕಡಲೆ ಹೊಲದಲ್ಲಿ ಬೆಳಗಿನ ಇಬ್ಬನಿಯ ಜೊತೆ ಬಟ್ಟೆ ಹಾಸಿ ಹಿಂಡಿ ತೆಗೆಯುತ್ತಿದ್ದ ಹುಳಿಯಲ್ಲೂ ಮ್ಯಾಲಿಕ್ ಆಮ್ಲದೊಂದಿಗೆ ಆಕ್ಸಾಲಿಕ್ ಆಮ್ಲ ಇರುತ್ತದೆ. ಜೇನುತುಪ್ಪದಲ್ಲೇ ಸಹಜವಾಗಿ ಇದರ ಸ್ವಲ್ಪ ಅಂಶ ಉಂಟು. ಅಂಗಡಿಯಲ್ಲಿ ಸಿಗುವುದು ಬಿಳಿ ಹರಳಿನ ರೂಪದಲ್ಲಿ. ತುಕ್ಕಿನ ಕಲೆ ತೆಗೆಯಲು, ಮರಕ್ಕೆ ಬಿಳುಪು ಕೊಡಲು ಅದನ್ನು ಬಳಸುತ್ತಾರೆ. ಸೊಪ್ಪಿನಲ್ಲಿದೆ ಎಂಬ ಕಾರಣಕ್ಕೆ ಹರಳೂ ಸಾಧುವೆಂದು ಭಾವಿಸಬಾರದು, ಅದು ವಿಷವೇ.

ನುಸಿಯ ಮೇಲೆ ಈ ಆಮ್ಲ ಸಂಪರ್ಕದಿಂದ ಕೆಲಸ ಮಾಡುತ್ತದೆ. ಕೆಲವು ನೊಣಗಳ ಮೈಗೆ ತಗುಲಿದ ಆಮ್ಲ, ಒತ್ತೊತ್ತಾಗಿ ಓಡಾಡುವ ನೊಣಗಳ ನಡುವೆ ಮೈಯಿಂದ ಮೈಗೆ ಹರಡಿ ನುಸಿಯನ್ನು ಮುಟ್ಟುತ್ತದೆ. ನೊಣದ ಗಟ್ಟಿ ಹೊರಕವಚ ತಾಳುವ ಪ್ರಮಾಣವನ್ನು ನುಸಿ ತಾಳಲಾರದು. ಜಪಾನ್ ಮತ್ತು ಸೋವಿಯತ್ ಒಕ್ಕೂಟದಲ್ಲಿ 1980ರ ದಶಕದಲ್ಲಿ, ಆಮೇಲೆ ಇಟಲಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಇದರ ಪ್ರಮಾಣವನ್ನು ಪರೀಕ್ಷಿಸಿ ನೋಡಲಾಯಿತು. ಕೆನಡಾ 2010ರಲ್ಲಿ, ಅಮೆರಿಕ 2015ರಲ್ಲಿ ಜೇನುಗೂಡಿನ ಬಳಕೆಗೆ ಅನುಮತಿ ಕೊಟ್ಟವು. ಟೌ-ಫ್ಲುವಾಲಿನೇಟ್‌ನಂಥ ಸಂಶ್ಲೇಷಿತ ನುಸಿನಾಶಕಗಳ ಪಟ್ಟಿಗಳಿಗೆ ನುಸಿ ಒಗ್ಗಿಕೊಂಡಿತು, ಅವುಗಳ ಶೇಷ ಮೇಣದಲ್ಲಿ ಕೂಡಿಕೊಂಡಿತು. ಆಕ್ಸಾಲಿಕ್ ಆಮ್ಲ ನೀರಿನಲ್ಲಿ ಕರಗುವ ವಸ್ತು, ಮೇಣದಲ್ಲಿ ನಿಲ್ಲುವುದಿಲ್ಲ. ಇಷ್ಟು ವರ್ಷಗಳ ಬಳಕೆಯ ನಂತರವೂ ಅದು ತನ್ನ ಪರಿಣಾಮ ಕಳೆದುಕೊಂಡಿಲ್ಲ.

ಅದಕ್ಕೊಂದು ದೊಡ್ಡ ಮಿತಿ ಇದೆ. ಅದು ಮೇಣದ ಮುಚ್ಚಳ ದಾಟಿ ಒಳಗೆ ಹೋಗುವುದಿಲ್ಲ. ಲೆಕ್ಕಕ್ಕಾಗಿ, ಒಂದು ಪೆಟ್ಟಿಗೆಯಲ್ಲಿ ಸಾವಿರ ನುಸಿ ಇವೆ ಎಂದುಕೊಳ್ಳಬಹುದು. ರಾಣಿ ಚೆನ್ನಾಗಿ ಮೊಟ್ಟೆಯಿಡುತ್ತಿರುವಾಗ ಅವುಗಳಲ್ಲಿ ಏಳುನೂರು ಮುಚ್ಚಿದ ಕಣಗಳಲ್ಲಿ, ಮುನ್ನೂರು ಮಾತ್ರ ನೊಣಗಳ ಮೈಮೇಲೆ ಇದ್ದಾವು. ಆ ದಿನ ಆಮ್ಲ ಹಾಕಿ ಮೈಮೇಲಿನ ನುಸಿಗಳಲ್ಲಿ ನೂರಕ್ಕೆ ತೊಂಬತ್ತನ್ನು ಕೊಂದರೂ ಸತ್ತದ್ದು 270, ಉಳಿದದ್ದು 730. ತಿಂಗಳಿಗೊಮ್ಮೆ ಇಮ್ಮಡಿಯಾಗುವ ನುಸಿ ಹದಿನೈದು ದಿನದಲ್ಲಿ ಮತ್ತೆ ಸಾವಿರ ಮುಟ್ಟುತ್ತದೆ. ಅದೇ ಪೆಟ್ಟಿಗೆಯಲ್ಲಿ ಮುಚ್ಚಿದ ಮರಿ ಒಂದೂ ಇಲ್ಲದ ದಿನ ಅದೇ ಮದ್ದು ಹಾಕಿದರೆ ಉಳಿಯುವುದು ನೂರು, ಅದು ಸಾವಿರಕ್ಕೆ ಏರಲು ಮೂರು ತಿಂಗಳಿಗಿಂತ ಹೆಚ್ಚು ಬೇಕು. ಮದ್ದೂ ಒಂದೇ, ಪ್ರಮಾಣವೂ ಒಂದೇ. ಫಲದ ಈ ಅಂತರವೆಲ್ಲ ಬಂದದ್ದು ದಿನದ ಆಯ್ಕೆಯಿಂದ.

ಯುರೋಪಿನಲ್ಲಿ ಆ ದಿನವನ್ನು ಚಳಿಗಾಲವೇ ತಂದುಕೊಡುತ್ತದೆ. ಡಿಸೆಂಬರಿನ ಹಿಮದಲ್ಲಿ ರಾಣಿ ಮೊಟ್ಟೆ ನಿಲ್ಲಿಸುತ್ತಾಳೆ, ನೊಣಗಳು ಉಂಡೆಗಟ್ಟಿ ಕೂರುತ್ತವೆ, ಆಗ ಒಂದೇ ಬಾರಿ ಮದ್ದು ಹಾಕಿದರೆ ಸಾಕು. ಬೆಂಗಳೂರಿನ ಅತಿ ಚಳಿಯ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಯಾವ ತಿಂಗಳಲ್ಲೂ ಊರಿನಲ್ಲಿ ಹೂವಿಗೆ ಪೂರ್ತಿ ಬರ ಬೀಳುವುದಿಲ್ಲ. ಮಳೆಗಾಲದಲ್ಲಿ ಮರಿ ಇಳಿಮುಖವಾದರೂ ರಾಣಿಯ ಮೊಟ್ಟೆ ತಾನಾಗಿ ನಿಂತುಹೋಗುವುದಿಲ್ಲ. ವಿದೇಶದ ಕೈಪಿಡಿ ನೋಡಿ ಡಿಸೆಂಬರಿನಲ್ಲಿ ಕೊಡಿಗೇಹಳ್ಳಿಯ ತಾರಸಿಯ ಪೆಟ್ಟಿಗೆಗೆ ಆಮ್ಲ ಹಾಕಿ ಫಲ ಕಾಣದವರು ಮದ್ದನ್ನು ದೂರುತ್ತಾರೆ. ಮುಚ್ಚಿದ ಮರಿಯಿಲ್ಲದ ದಿನವನ್ನು ಇಲ್ಲಿ ಸಾಕುವವರೇ ಉಂಟುಮಾಡಬೇಕು. ಉಷ್ಣವಲಯದಲ್ಲಿ ಆಕ್ಸಾಲಿಕ್ ಚಿಕಿತ್ಸೆ ಎಂದರೆ ಮುಕ್ಕಾಲು ಪಾಲು ಈ ಕೆಲಸವೇ.

ಅದಕ್ಕೆ ಎರಡು ದಾರಿ. ಒಂದು, ರಾಣಿಯನ್ನು ಪಂಜರದಲ್ಲಿಡುವುದು. ಕೆಲಸಗಾರ ನೊಣ ಓಡಾಡುವಷ್ಟು, ರಾಣಿ ದಾಟದಷ್ಟು ಸಂದಿಯಿರುವ ಪಂಜರದಲ್ಲಿ ಅವಳನ್ನಿಟ್ಟು, ಮರಿ ಬೆಳೆಯುವ ಸಂಸಾರ ಕೋಣೆಯ ನಡುವಿನ ಎರಿಗಳ ಮಧ್ಯೆ ತೂಗುಬಿಡಬೇಕು. ನೊಣಗಳು ಅವಳಿಗೆ ಉಣಿಸುತ್ತವೆ, ಅವಳ ವಾಸನೆ ಗೂಡಿನಲ್ಲಿ ಇರುತ್ತದೆ, ಆದರೆ ಮೊಟ್ಟೆ ಮಾತ್ರ ಇರುವುದಿಲ್ಲ. 21ನೆಯ ದಿನಕ್ಕೆ ಕೆಲಸಗಾರ ಮರಿಗಳೆಲ್ಲ ಹೊರಬಂದಿರುತ್ತವೆ, 24ನೆಯ ದಿನಕ್ಕೆ ಗಂಡುಮರಿಗಳೂ. 24 ದಿನ ಕಾಯಲಾರದವರು 21ಕ್ಕೆ ಉಳಿದ ಗಂಡುಕಣಗಳನ್ನು ಚಾಕುವಿನಿಂದ ಕೊರೆದು ತೆಗೆಯಬೇಕು. ಆಗ ಎಲ್ಲ ನುಸಿಯೂ ಬಯಲಿಗೆ ಬಂದಿರುತ್ತದೆ. ರಾಣಿಯನ್ನು ಬಿಡುವ ದಿನವೇ ಆಮ್ಲ ಹಾಕುವುದು ಉತ್ತಮ. ಪಂಜರದ ಕಾಲದಲ್ಲಿ ಅಪರೂಪಕ್ಕೆ ರಾಣಿ ಸಾಯುವುದೂ ಉಂಟು, ಆದ್ದರಿಂದ ವಾರಕ್ಕೊಮ್ಮೆ ನೋಡುತ್ತಿರಬೇಕು.

ಎರಡನೆಯದು, ಕುಟುಂಬವನ್ನು ಪಾಲು ಮಾಡುವುದು. ಬಲವಾದ ಕುಟುಂಬದಿಂದ ರಾಣಿಯೊಡನೆ ಒಂದೆರಡು ಎರಿ ಬೇರೆ ಪೆಟ್ಟಿಗೆಗೆ ಹೋದರೆ, ಉಳಿದ ನೊಣಗಳು ಎಳೆಯ ಮರಿಯಿಂದ ಹೊಸ ರಾಣಿಯನ್ನು ಬೆಳೆಸುತ್ತವೆ. ಸುಮಾರು 12ನೆಯ ದಿನಕ್ಕೆ ಅವಳು ಹೊರಬಂದು, ಮುಂದಿನ ವಾರದಲ್ಲಿ ಹಾರಿ ಗಂಡುನೊಣಗಳನ್ನು ಕೂಡಿ, 20ರಿಂದ 25ನೆಯ ದಿನದೊಳಗೆ ಮೊಟ್ಟೆಯಿಡತೊಡಗುತ್ತಾಳೆ. ಹಳೆಯ ಮರಿ ಹೆಚ್ಚುಕಡಿಮೆ ಎಲ್ಲ ಅಷ್ಟರಲ್ಲಿ ಹೊರಬಂದಿರುತ್ತದೆ. ಹೊಸ ಮೊಟ್ಟೆಯ ಕಣ ಮುಚ್ಚಲು ಇನ್ನೂ ಎಂಟೊಂಬತ್ತು ದಿನ ಬೇಕು. ಈ ನಡುವಿನ ಕಿಟಕಿಯಲ್ಲಿ, ಹೊಸ ಮೊಟ್ಟೆ ಕಂಡರೂ ಮರಿಹುಳು ಕಾಣುವ ಮುಂಚೆ ಮದ್ದು ಹಾಕಬೇಕು. ಕುಟುಂಬ ಹೆಚ್ಚಿಸಿಕೊಳ್ಳಬೇಕೆಂದಿರುವವರಿಗೆ ಇದು ಎರಡು ಕೆಲಸ ಒಟ್ಟಿಗೆ ಮುಗಿಸಿದಂತೆ. ಆದರೆ ರಾಣಿ ಹೋದ ಪಾಲಿನಲ್ಲಿ ಮುಚ್ಚಿದ ಮರಿಯಿದ್ದರೆ ಅದರ ನುಸಿ ಹಾಗೆಯೇ ಇರುತ್ತದೆಂಬುದನ್ನು ಮರೆಯಬಾರದು.

ಮರಿ ನಿಲ್ಲಿಸುವುದರಿಂದ ಬೆಂಗಳೂರಿನವರಿಗೆ ಇನ್ನೊಂದು ಲಾಭವಿದೆ. ಅಪಾರ್ಟ್‌ಮೆಂಟಿನ ಬಾಲ್ಕನಿ, ನೀರಿನ ಟ್ಯಾಂಕು, ಜಿಕೆವಿಕೆಯ ಎತ್ತರದ ಮರಗಳಲ್ಲಿ ತೂಗುವ ಹೆಜ್ಜೇನಿನ ಗೂಡುಗಳಲ್ಲಿ ಟ್ರೋಪಿಲೇಲಾಪ್ಸ್ ಎಂಬ ಬೇರೊಂದು ನುಸಿಯಿದೆ, ಅದೂ ಮೆಲ್ಲಿಫೆರಾಕ್ಕೆ ದಾಟುತ್ತದೆ. ಇದು ವರ್ರೋವಾಕ್ಕಿಂತ ಚಿಕ್ಕದು, ಉದ್ದಕ್ಕಿದೆ, ಎರಿಯ ಮೇಲೆ ಚುರುಕಾಗಿ ಓಡುತ್ತದೆ. ವರ್ರೋವಾಕ್ಕಿಂತ ಬೇಗ ಸಂತಾನ ಹೆಚ್ಚಿಸಿಕೊಳ್ಳುತ್ತದೆ. ಆದರೆ ಬೆಳೆದ ನೊಣದ ಮೈಯನ್ನು ಚುಚ್ಚಿ ತಿನ್ನಲು ಅದಕ್ಕೆ ಬರುವುದಿಲ್ಲ, ಮರಿಯಿಲ್ಲದೆ ಕೆಲವೇ ದಿನದಲ್ಲಿ ಸಾಯುತ್ತದೆ. ಹೀಗೆ ಪಂಜರದ ಮೂರು ವಾರ ಒಂದು ನುಸಿಯನ್ನು ಹಸಿವಿನಿಂದ ಕೊಲ್ಲುತ್ತದೆ, ಇನ್ನೊಂದನ್ನು ಮದ್ದಿನ ಕೈಗೆ ಒಪ್ಪಿಸುತ್ತದೆ.

ಕಾಲದ ಆಯ್ಕೆ ಹೂವನ್ನು ನೋಡಿ ಮಾಡಬೇಕು. ಮಾರ್ಚ್‌ನಿಂದ ಮೇವರೆಗೆ ಹೊಂಗೆಯ ಕಾಲದಲ್ಲಿ ಪ್ರತಿ ನೊಣವೂ ದುಡಿಮೆಗೆ ಬೇಕು, ಆಗ ರಾಣಿಯನ್ನು ಕೂಡಿಹಾಕುವುದು ನಷ್ಟ. ಜೇನು ಕೋಣೆಯ ತುಪ್ಪ ತೆಗೆದ ಮೇಲೆ, ಜೂನ್‌ನಲ್ಲಿ ಮಳೆ ಹಿಡಿದಾಗ, ಹೊರಗೆ ಮಕರಂದ ಕಡಿಮೆ. ಆ ದಿನಗಳಲ್ಲಿ ಹುಟ್ಟುವ ನೊಣಕ್ಕೆ ಹೊರಗೆ ಕೆಲಸವೂ ಕಡಿಮೆ, ಒಳಗೆ ಅದನ್ನು ಸಾಕುವ ಖರ್ಚು ಹೆಚ್ಚು. ಮರಿ ಸಾಕುವ ಹೊರೆಯಿಲ್ಲದ ನೊಣ ಹೆಚ್ಚು ದಿನ ಬದುಕುತ್ತದೆ. ಜೂನ್‌ನಲ್ಲಿ ಪಂಜರ, ಜುಲೈ ಮೊದಲಿಗೆ ಬಿಡುಗಡೆ ಮತ್ತು ಮದ್ದು, ಸಕ್ಕರೆ ಪಾಕದ ಆಸರೆ, ಹುಚ್ಚೆಳ್ಳು ಹೂಬಿಡುವ ಹೊತ್ತಿಗೆ ಹೊಸ ನೊಣಗಳ ಬಲ: ಈ ಸರಣಿ ಇಲ್ಲಿನ ಹವೆಗೆ ಒಪ್ಪುತ್ತದೆ. ನಾಲ್ಕೈದು ಎರಿಗಿಂತ ಕಡಿಮೆ ನೊಣವಿರುವ ಸೊರಗಿದ ಕುಟುಂಬಕ್ಕೆ ಇದನ್ನು ಮಾಡಬಾರದು. ಅದನ್ನು ಮೊದಲು ಬೇರೊಂದರ ಜೊತೆ ಸೇರಿಸುವುದು ಮೇಲು.

ಮದ್ದು ಹಾಕುವ ವಿಧಾನಗಳಲ್ಲಿ ಸರಳವಾದದ್ದು ತೊಟ್ಟಿಕ್ಕಿಸುವುದು. ಅಮೆರಿಕದ ಅಧಿಕೃತ ಪ್ರಮಾಣದಂತೆ, ಸಕ್ಕರೆ ನೀರು ಸಮಪಾಲು ಬೆರೆಸಿದ ಒಂದು ಲೀಟರ್ ಪಾಕಕ್ಕೆ 35 ಗ್ರಾಂ ಆಕ್ಸಾಲಿಕ್ ಆಮ್ಲದ ಡೈಹೈಡ್ರೇಟ್ ಹರಳು. ಒಂದೆರಡು ಪೆಟ್ಟಿಗೆಯವರಿಗೆ 200 ಮಿಲಿಲೀಟರ್ ಪಾಕಕ್ಕೆ 7 ಗ್ರಾಂ ಸಾಕು. ಇದನ್ನು ಚಮಚದ ಅಂದಾಜಿನಲ್ಲಿ ಅಳೆಯಬಾರದು, ಗ್ರಾಂ ತೋರಿಸುವ ತಕ್ಕಡಿ ಬೇಕು. ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜ್‌ನಿಂದ, ನೊಣ ತುಂಬಿದ ಎರಡು ಚೌಕಟ್ಟಿನ ನಡುವಿನ ಒಂದೊಂದು ಸಂದಿಗೂ 5 ಮಿಲಿಲೀಟರ್‌ನಂತೆ ನೊಣಗಳ ಮೇಲೆಯೇ ಬೀಳಿಸಬೇಕು. ನೊಣವಿಲ್ಲದ ಸಂದಿಗೆ ಬೇಡ. ಕುಟುಂಬ ಎಷ್ಟೇ ದೊಡ್ಡದಾದರೂ 50 ಮಿಲಿಲೀಟರ್ ಮೀರಬಾರದು. ಬಿಟ್ಟ ದ್ರಾವಣವನ್ನು ಎತ್ತಿಟ್ಟು ಮುಂದಿನ ತಿಂಗಳು ಬಳಸುವುದು ಸಲ್ಲದು: ಹುಳಿ ಸೇರಿದ ಪಾಕ ಇಟ್ಟಷ್ಟೂ ಅದರಲ್ಲಿ ಎಚ್‌ಎಮ್‌ಎಫ್ ಎಂಬ, ನೊಣಕ್ಕೆ ವಿಷವಾಗುವ ವಸ್ತು ಹುಟ್ಟುತ್ತದೆ. ತೆರೆದ ಮರಿಹುಳುವಿಗೂ ಈ ಪಾಕದಿಂದ ಹಾನಿಯಿದೆ. ಅದೇ ನೊಣಗಳ ಮೇಲೆ ಮತ್ತೆ ಮತ್ತೆ ಹಾಕಿದರೆ ಅವುಗಳ ಆಯುಷ್ಯವೂ ಕುಗ್ಗುತ್ತದೆ. ಮರಿಯಿಲ್ಲದಾಗ ಒಂದು ಸಲ ಎಂಬ ಶಿಸ್ತು ಈ ಕಾರಣಕ್ಕೂ ಬೇಕು.

ಆವಿ ಕೊಡುವುದು ಎರಡನೆಯ ವಿಧಾನ. ಬ್ಯಾಟರಿಯಿಂದ ಕಾಯುವ ಸಣ್ಣ ತಟ್ಟೆಯಲ್ಲಿ ಒಂದೆರಡು ಗ್ರಾಂ ಹರಳಿಟ್ಟು ಪೆಟ್ಟಿಗೆಯ ಬಾಗಿಲಿನಿಂದ ಒಳಗೆ ತೂರಿಸುತ್ತಾರೆ. ಹರಳು 101 ಡಿಗ್ರಿಯ ಸುಮಾರಿಗೆ ಕರಗಿ, 157ರ ಸುಮಾರಿಗೆ ಆವಿಯಾಗಿ, ಗೂಡಿನ ತುಂಬ ನುಣ್ಣನೆಯ ಹರಳಾಗಿ ಕೂರುತ್ತದೆ. 189 ದಾಟಿದರೆ ಆಮ್ಲವೇ ಒಡೆದು ಹಾಳಾಗುತ್ತದೆ. ಇದು ತೆರೆದ ಮರಿಗೆ ಅಷ್ಟು ಹಾನಿ ಮಾಡುವುದಿಲ್ಲ, ಪುನರಾವರ್ತನೆಯನ್ನೂ ನೊಣ ತಾಳುತ್ತದೆ. ಆದ್ದರಿಂದ ಮರಿಯಿರುವಾಗಲೂ ಐದಾರು ದಿನಕ್ಕೊಮ್ಮೆ ಹಲವು ಸಲ ಕೊಡುವವರಿದ್ದಾರೆ, ಫಲ ಮಾತ್ರ ಒಂದೇ ಸಮನಾಗಿ ಬಂದಿಲ್ಲ. ಮನುಷ್ಯನ ಶ್ವಾಸಕೋಶಕ್ಕೆ ಆ ಬಿಳಿ ಹೊಗೆ ತೀರಾ ಅಪಾಯಕಾರಿ. ಬಟ್ಟೆಯ ಮುಖಗವಸಿನಿಂದ ಏನೂ ಆಗದು, ಆಮ್ಲದ ಆವಿ ತಡೆಯುವ ಸೋಸುಕವಿರುವ ಉಸಿರುಗವಸೇ ಬೇಕು. ಪಕ್ಕದ ಮನೆಯ ಕಿಟಕಿ ಕೈಗೆಟುಕುವಷ್ಟು ಹತ್ತಿರವಿರುವ ಕೊಡಿಗೇಹಳ್ಳಿ, ಸಹಕಾರನಗರದ ಗಲ್ಲಿಗಳ ತಾರಸಿಗೆ ಈ ವಿಧಾನ ಹೊಂದದು. ಗ್ಲಿಸರಿನ್ ಮತ್ತು ಆಮ್ಲದಲ್ಲಿ ನೆನೆಸಿದ ಪಟ್ಟಿಗಳನ್ನು ಎರಿಗಳ ನಡುವೆ ತೂಗುಬಿಟ್ಟು ವಾರಗಟ್ಟಲೆ ನಿಧಾನಕ್ಕೆ ಮದ್ದು ಕೊಡುವ ಮೂರನೆಯ ವಿಧಾನ ಅರ್ಜೆಂಟೀನಾದಲ್ಲಿ ಬೆಳೆದು ಬಂದಿದೆ. ಮರಿ ನಿಲ್ಲದ ನಾಡುಗಳಿಗೆ ಅದರಿಂದ ಹೆಚ್ಚಿನ ಭರವಸೆ ಇದೆ.

ಮುಚ್ಚಳದೊಳಗೂ ಹೋಗಿ ನುಸಿ ಕೊಲ್ಲುವ ಸಾವಯವ ಮದ್ದು ಫಾರ್ಮಿಕ್ ಆಮ್ಲ, ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಬಳಸುವುದೇ ಅದು. ಆದರೆ ಬಿಸಿಲು 30 ಡಿಗ್ರಿ ದಾಟಿದರೆ ಅದು ಅತಿ ವೇಗವಾಗಿ ಆವಿಯಾಗಿ ಮರಿಯನ್ನೂ ರಾಣಿಯನ್ನೂ ಕೊಲ್ಲಬಹುದು. ಬೆಂಗಳೂರಿನ ಬೇಸಿಗೆಗೆ ಅದು ತಕ್ಕದ್ದಲ್ಲ.

ಆಕ್ಸಾಲಿಕ್ ಹರಳು ನೋಡಲು ಸಕ್ಕರೆಯಂತೆ, ಪುಡಿಯುಪ್ಪಿನಂತೆ ಇರುತ್ತದೆ. ಅಡುಗೆಮನೆಯಲ್ಲಿ, ಖಾಲಿಯಾದ ತಿಂಡಿ ಡಬ್ಬಿಯಲ್ಲಿ ಅದನ್ನು ಇಡಲೇಬಾರದು. ಗಟ್ಟಿ ಮುಚ್ಚಳದ ಬೇರೆ ಡಬ್ಬಿ, ಮೇಲೆ ವಿಷ ಎಂದು ಕನ್ನಡದಲ್ಲಿ ದಪ್ಪಕ್ಷರ, ಮಕ್ಕಳ ಕೈಗೆ ಸಿಗದ ಬೀಗದ ಕಪಾಟು, ಇವು ಅನಿವಾರ್ಯ. ಹೊಟ್ಟೆಗೆ ಹೋದ ಆಮ್ಲ ರಕ್ತದ ಸುಣ್ಣದಂಶವನ್ನು ಹಿಡಿದು ಮೂತ್ರಪಿಂಡದಲ್ಲಿ ಹರಳಾಗಿ ಕೂರುತ್ತದೆ, ಜೀವಕ್ಕೇ ಅಪಾಯ. ಯಾರಾದರೂ ನುಂಗಿದರೆ ಮನೆಮದ್ದಿಗೆ ಹೊತ್ತು ಕಳೆಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆರೆಸುವಾಗ ರಬ್ಬರ್ ಕೈಗವಸು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಇರಬೇಕು. ಪಾತ್ರೆ ಗಾಜಿನದೋ ಪ್ಲಾಸ್ಟಿಕ್ಕಿನದೋ ಆಗಿರಲಿ, ಕಬ್ಬಿಣ ಅಲ್ಯುಮಿನಿಯಂ ಬೇಡ. ಚರ್ಮಕ್ಕೆ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ನೆಲಕ್ಕೆ ಚೆಲ್ಲಿದ್ದರ ಮೇಲೆ ಅಡುಗೆ ಸೋಡಾ ಎರಚಿ ಒರೆಸಬಹುದು. ಮರದ ಕೆಲಸಕ್ಕೆಂದು ಮಾರುವ ಕಲಬೆರಕೆ ಹರಳಿಗಿಂತ ಶುದ್ಧತೆ ನಮೂದಿಸಿದ ಹರಳೇ ಜೇನುಗೂಡಿಗೆ ತಕ್ಕದ್ದು. ಮಾರಾಟಕ್ಕೆ ತೆಗೆಯುವ ಜೇನು ಕೋಣೆಯನ್ನು ಮದ್ದಿನ ದಿನ ಪೆಟ್ಟಿಗೆಯ ಮೇಲೆ ಇಡದಿರುವುದೂ ಒಳ್ಳೆಯ ಪದ್ಧತಿ.

ಮದ್ದು ಹಾಕಿದ ಮರುದಿನದಿಂದ ಅಡಿಮಣೆಯ ಮೇಲೆ ಎಣ್ಣೆ ಸವರಿದ ಬಿಳಿ ಹಾಳೆ ಇಟ್ಟರೆ ಉದುರಿದ ನುಸಿಗಳನ್ನು ಎಣಿಸಬಹುದು. ಮೊದಲ ಮೂರು ನಾಲ್ಕು ದಿನ ಹೆಚ್ಚು ಬಿದ್ದು, ವಾರ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಹಾಳೆಗೆ ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳು ನೀರಿನ ಬಟ್ಟಲಲ್ಲಿರಬೇಕು, ಇಲ್ಲವಾದರೆ ಬಿದ್ದ ನುಸಿಯನ್ನೆಲ್ಲ ಇರುವೆ ಹೊತ್ತುಕೊಂಡು ಹೋಗಿ ಲೆಕ್ಕ ಸುಳ್ಳಾಗುತ್ತದೆ. ಉದುರಿದ ಸಂಖ್ಯೆ ದೊಡ್ಡದೆಂದು ನೆಮ್ಮದಿಪಡುವುದಕ್ಕಿಂತ ಉಳಿದದ್ದು ಎಷ್ಟು ಎಂಬುದೇ ಮುಖ್ಯ. ರಾಣಿ ಮತ್ತೆ ಮೊಟ್ಟೆಯಿಟ್ಟು, ಹೊಸ ಮರಿಯ ಮೊದಲ ಕಣಗಳು ಮುಚ್ಚುವ ಮುನ್ನ ಒಂದು ಸಲ, ಆರು ವಾರ ಬಿಟ್ಟು ಇನ್ನೊಂದು ಸಲ ಅದೇ ಸಕ್ಕರೆ ಪುಡಿಯ ಪರೀಕ್ಷೆ ಮಾಡಿದರೆ, ಮುನ್ನೂರು ನೊಣಕ್ಕೆ ಒಂದೋ ಎರಡೋ ನುಸಿ ಸಿಕ್ಕ ಪೆಟ್ಟಿಗೆ ಹುಚ್ಚೆಳ್ಳಿನ ಹೂವಿಗೆ ಸಿದ್ಧವಾಗಿದೆ. ಐದಾರು ಸಿಕ್ಕರೆ ನೆರೆಯ ಪೆಟ್ಟಿಗೆಗಳಿಂದ ನುಸಿ ಹೊತ್ತ ನೊಣ ಬಂದು ಸೇರುತ್ತಿದೆಯೇ, ಪಂಜರದ ಕಾಲದಲ್ಲಿ ಎರಿಯ ಮೂಲೆಯಲ್ಲಿ ಗಂಡುಕಣಗಳು ಕಣ್ತಪ್ಪಿ ಉಳಿದವೇ ಎಂದು ನೋಡಬೇಕು. ಒಂದೇ ತಾರಸಿಯ, ಒಂದೇ ತೋಟದ ಮೆಲ್ಲಿಫೆರಾ ಪೆಟ್ಟಿಗೆಗಳಿಗೆಲ್ಲ ಒಂದೇ ವಾರದಲ್ಲಿ ಮದ್ದು ಹಾಕುವುದು ಹೀಗೆ ನೆರೆಯಿಂದ ನುಸಿ ಬರದಿರಲೆಂದೇ.